ಗುಲಾಬಿ ಎಲೆಯ ಮಹಜರು

ಭಾನುವಾರ ಸಂಜೆ ವಕೀಲರಿಂದ ಫೋನು. “ಮೇಷ್ಟ್ರೇ, ಕೂಡಲೇ ಬನ್ನಿ. ಸ್ಥಳ ಮಹಜರು ಮಾಡಬೇಕು. ನೀವು, ಗೌಡರು, ಭಟ್ಟರು ಪಂಚರು.” ಪಂಚರಿಗೆ ಕಾಫಿ ಉಂಟೇ ಎಂದು ಖಚಿತಪಡಿಸಿಕೊಂಡೇ ಭಟ್ಟರು ಚಪ್ಪಲಿ ಮೆಟ್ಟಿದರು.

ಹಿತ್ತಿಲಿನ ಗುಲಾಬಿಯ ಎಲೆಗಳ ಅಂಚಿನಲ್ಲೆಲ್ಲ ಗುಂಡಗಿನ ಕಚ್ಚುಗಳು. ವಕೀಲರ ಪ್ರಕಾರ ಆರೋಪಿ ಪಕ್ಕದ ಮನೆಯ ಹುಡುಗ; ಆಯುಧ, ಕಾಗದಕ್ಕೆ ತೂತು ಹೊಡೆಯುವ ಯಂತ್ರ. ಮುನ್ನೆಚ್ಚರಿಕೆಯಾಗಿ ಅವನ ಚೆಂಡನ್ನು ಜಪ್ತಿ ಮಾಡಿ ಅಕ್ಕಿ ಡಬ್ಬದ ಮೇಲಿಟ್ಟಿದ್ದರು.

“ಹುಳ ತಿಂದಿರಬೇಕು” ಎಂದರು ಗೌಡರು.

“ಯಾವ ಹುಳ ಕೈವಾರ ಇಟ್ಟುಕೊಂಡು ತಿನ್ನುತ್ತದೆ?”

ಅಷ್ಟರಲ್ಲಿ ಆರೋಪಿಯೇ ಹಾಜರಾಯಿತು. ಎಲೆಯ ಅಂಚಿನಲ್ಲಿ ಕುಳಿತು, ಕೂತ ಕೊಂಬೆಯನ್ನೇ ಕಡಿಯುವ ದಡ್ಡನಂತೆ ತನ್ನ ಸುತ್ತಲೇ ಕತ್ತರಿಸಿಕೊಂಡಿತು. ತುಂಡು ಕಳಚಿದ್ದೇ ತಡ, ಅದನ್ನು ಹೊಟ್ಟೆಗೆ ಅವುಚಿಕೊಂಡು ಹಾರಿ, ಗೋಡೆಯಲ್ಲಿ ಹಳೆಯ ಮೊಳೆ ಕಿತ್ತ ತೂತಿನೊಳಗೆ ನುಸುಳಿತು.

“ಎಲೆ ಕತ್ತರಿಸುವ ಜೇನು” ಎಂದೆ.

ಗೌಡರಿಗೆ ರೇಗಿತು. ಅವರು ಪೆಟ್ಟಿಗೆಯಲ್ಲಿ ತುಡುವೆ ಸಾಕಿದವರು. “ಜೇನು ಎಂದರೆ ತುಡುವೆ, ಹೆಜ್ಜೇನು, ಕೋಲುಜೇನು, ಮಿಸರಿ. ಅಲ್ಲಿಗೆ ಮುಗಿಯಿತು.”

“ಮಿಸರಿ ಅಲ್ಲ, ಮುಜಂಟಿ” ಎಂದು ಉಡುಪಿ ಕಡೆಯ ಭಟ್ಟರು ತಿದ್ದಿದರು. ಈ ವ್ಯಾಜ್ಯಕ್ಕೆ ಇಪ್ಪತ್ತು ವರ್ಷವಾಗಿದೆ. ವ್ಯಾಜ್ಯದ ವಸ್ತುವೋ ವಕೀಲರ ಮೀಟರ್ ಪೆಟ್ಟಿಗೆಯೊಳಗೇ ಬೀಡುಬಿಟ್ಟು, ಮೇಣದ ಕೊಳವೆಯೊಂದನ್ನು ಹೊರಗೆ ಚಾಚಿಕೊಂಡಿದೆ. ಚುಚ್ಚಲು ಬಾರದ ಬಡಪಾಯಿ. ಆದರೂ ಮೀಟರ್ ಓದಲು ಬರುವವರು ಎರಡು ಮಾರು ದೂರದಿಂದಲೇ ಓದಿ ಹೋಗುತ್ತಾರೆ.

“ಗೌಡರೇ, ಜಗತ್ತಿನಲ್ಲಿ ಜೇನಿನ ಬಗೆಗಳು 20,000ದ ಆಸುಪಾಸು ಇವೆ. ಬಹುಪಾಲು ಜೇನುಗಳಿಗೆ ರಾಣಿಯಿಲ್ಲ, ಆಳುಕಾಳಿಲ್ಲ. ಮನೆ ಕಟ್ಟುವುದು, ದಿನಸಿ ತರುವುದು, ಮಕ್ಕಳಿಗೆ ಬುತ್ತಿ ಕಟ್ಟುವುದು ಎಲ್ಲವನ್ನೂ ಒಂಟಿ ಹೆಣ್ಣೊಂದೇ ಮಾಡುತ್ತದೆ.”

“ಆ ಬಗೆಯದು ಅಡುಗೆಮನೆಯಲ್ಲೂ ಒಂದಿದೆ, ಮಹಜರಿನಲ್ಲಿ ಸೇರಿಸಿಕೊಳ್ಳಿ” ಎಂದು ಒಳಗಿನಿಂದ ವಕೀಲರ ಮನೆಯವರ ದನಿ ಬಂತು.

ಎಲೆಯನ್ನು ಏನು ಮಾಡುತ್ತದೆ ಎಂದು ಭಟ್ಟರು ಕೇಳಿದರು. ಉದ್ದ ತುಂಡುಗಳನ್ನು ಸುತ್ತಿ ಬಟ್ಟಲು ಮಾಡುತ್ತದೆ, ಪರಾಗ ಮತ್ತು ಮಕರಂದ ಕಲಸಿ ತುಂಬುತ್ತದೆ, ಮೇಲೊಂದು ಮೊಟ್ಟೆಯಿಟ್ಟು ದುಂಡು ತುಂಡುಗಳಿಂದ ಮುಚ್ಚುತ್ತದೆ ಎಂದೆ. ಭಟ್ಟರ ಕಣ್ಣು ಅರಳಿತು. “ಕೊಟ್ಟೆ ಕಡುಬು ಎಂದು ಒಂದೇ ಮಾತಿನಲ್ಲಿ ಹೇಳಬಾರದೇ?”

ಹಲಸಿನೆಲೆಯ ಬದಲು ಗುಲಾಬಿ ಎಲೆ, ಅಷ್ಟೇ ವ್ಯತ್ಯಾಸ. ಮೂವತ್ತು ವರ್ಷ ಜೀವಶಾಸ್ತ್ರ ಕಲಿಸಿದ ನನಗೆ ಇದು ಹೊಳೆದಿರಲಿಲ್ಲ.

ಗೌಡರು ಸೋಲಲಿಲ್ಲ. ಈ ಬೀದಿಯ ಬದನೆಯೆಲ್ಲ ತಮ್ಮ ತುಡುವೆಯ ಕೃಪೆ ಎಂದರು. ಪಾಪ, ಅಲ್ಲಿಯೂ ಎಡವಿದರು. ಬದನೆ, ಟೊಮೆಟೊ ಹೂಗಳ ಪರಾಗ ತುದಿಯಲ್ಲಿ ತೂತಿರುವ ಮೆಣಸಿನ ಪುಡಿ ಡಬ್ಬಿಯಂತಹ ಕೋಶದಲ್ಲಿರುತ್ತದೆ. ಕುಲುಕಿದರೆ ಮಾತ್ರ ಚೆನ್ನಾಗಿ ಉದುರುತ್ತದೆ. ಹಾಗೆ ಕುಲುಕುವ ವಿದ್ಯೆ ತುಡುವೆಗಿಲ್ಲ. ಅದು ಹೊಟ್ಟೆಯ ಮೇಲೆ ನೀಲಿ ಪಟ್ಟೆ ಹೊತ್ತ ಜೇನಿಗೆ ಇದೆ. ಹೂವನ್ನು ತಬ್ಬಿ, ಹಾರುವ ಸ್ನಾಯುಗಳನ್ನು ಅದುರಿಸಿದಾಗ ಝುಂಕಾರದ ಶ್ರುತಿಯೇ ಏರಿಬಿಡುತ್ತದೆ. ನಾವು ಬದನೆ ಪಾತಿಯ ಬಳಿ ಕಿವಿಗೊಟ್ಟು ನಿಂತೆವು. ಕೇಳಿಸಿತು. ಗೌಡರು ಮಾತ್ರ ತಮಗೆ ಕೇಳಿಸಲಿಲ್ಲ ಎಂದರು.

ಈ ನೀಲಿಪಟ್ಟೆ ಜೇನು ಮಣ್ಣಿನಲ್ಲಿ ತೋಡಿದ ಮನೆಗೆ ಮತ್ತೊಂದು ಜೇನು, ಮೈತುಂಬ ನೀಲಿ ಚುಕ್ಕೆಯ ಸುಂದರಿ, ಕೋಗಿಲೆಯಂತೆ ಕದ್ದು ಹೊಕ್ಕು ಮೊಟ್ಟೆಯಿಡುತ್ತದೆ. ಅದರ ಮರಿ ಮನೆಯೊಡತಿ ಕೂಡಿಟ್ಟ ಬುತ್ತಿಯನ್ನು ಉಣ್ಣುತ್ತದೆ ಎಂದಾಗ ವಕೀಲರು ಎದ್ದೇ ನಿಂತರು. “ಅತಿಕ್ರಮ ಪ್ರವೇಶ! ಮೇಲೆ ವಂಚನೆ! ಆ ನೀಲಿಪಟ್ಟೆಯ ವಕಾಲತ್ತು ನನಗಿರಲಿ.” ಗುಲಾಬಿಯ ಪ್ರಕರಣ ಅಲ್ಲಿಗೆ ಬಿದ್ದುಹೋಯಿತು.

ಸೂರ್ಯ ಇಳಿಯುವ ಹೊತ್ತಿಗೆ ಪಕ್ಕದ ಮನೆಯ ಹುಡುಗ ಚೆಂಡು ಕೇಳಲು ಬಂದ. ವಕೀಲರು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಅವನು ಬಾಯಿಗೆ ಬೆರಳಿಟ್ಟು, ತುಳಸಿಯ ಒಣಕಡ್ಡಿಯೊಂದನ್ನು ತೋರಿಸಿದ. ನೀಲಿಪಟ್ಟೆಯ ಜೇನುಗಳು ಸಾಲಾಗಿ, ದವಡೆಯಿಂದ ಕಡ್ಡಿಯನ್ನು ಕಚ್ಚಿ ಹಿಡಿದು ಮಲಗಿದ್ದವು.

“ಗಂಡುಗಳು. ಹೆಣ್ಣುಗಳು ಗೂಡಿನಲ್ಲಿ ಮಲಗುತ್ತವೆ, ಇವಕ್ಕೆ ಮನೆಯಿಲ್ಲ” ಎಂದು ನಾನು ಪಿಸುಗುಟ್ಟಿದೆ. ವಕೀಲರು ಒಮ್ಮೆ ಅಡುಗೆಮನೆಯ ಕಡೆ ನೋಡಿದರು, ಏನೂ ಹೇಳಲಿಲ್ಲ.

“ನಿನ್ನೆ ಏಳು ಇದ್ದವು” ಎಂದ ಹುಡುಗ. “ಇವತ್ತು ಆರೇ. ಇನ್ನೊಂದು ಬರಬೇಕು.”

ಕಾಫಿ ಆರುತ್ತಿದೆ ಎಂದು ಒಳಗಿನಿಂದ ಎರಡು ಸಲ ಕೂಗು ಬಂತು. ಭಟ್ಟರು ಕೂಡ ಕದಲಲಿಲ್ಲ.