ಹಗುರ ರೈಫಲ್ ಬೇಕು, ಆದರೆ ಒದೆತ ಕಡಿಮೆ ಇರಬೇಕು: ಸಹಾಯ ಮಾಡಿ

ಎಲ್ಲರಿಗೂ ನಮಸ್ಕಾರ. ಎಲ್ಕ್ (ದೊಡ್ಡ ಜಾತಿಯ ಜಿಂಕೆ) ಬೇಟೆಗೆ ರೈಫಲ್ ಹುಡುಕುತ್ತಿದ್ದೇನೆ. ದಿನವಿಡೀ ಬೆಟ್ಟ ಹತ್ತಬೇಕು, ಹಾಗಾಗಿ ಸ್ಕೋಪ್ ಸೇರಿ 3 ಕೆಜಿ ಆಸುಪಾಸಿನಲ್ಲಿದ್ದರೆ ಒಳ್ಳೆಯದು.

ತೊಂದರೆ ಇರೋದೇ ಅಲ್ಲಿ: ರೈಫಲ್ ಹಗುರವಾದಷ್ಟೂ ಗುಂಡು ಹಾರಿದಾಗ ಭುಜಕ್ಕೆ ಜೋರಾಗಿ ಒದೆಯುತ್ತೆ. ಅದೇ ತೋಟಾವನ್ನು 4 ಕೆಜಿಯ ಬದಲು 3 ಕೆಜಿ ರೈಫಲ್‌ನಲ್ಲಿ ಹೊಡೆದರೆ ಒದೆತದ ಶಕ್ತಿ ಸುಮಾರು ಮೂರನೇ ಒಂದು ಪಾಲು ಜಾಸ್ತಿ. ಗೆಳೆಯರೊಬ್ಬರ ಹಗುರ .300 ವಿನ್‌ಮ್ಯಾಗ್ (ತುಂಬಾ ಶಕ್ತಿಯ ಮ್ಯಾಗ್ನಮ್ ತೋಟಾದ ರೈಫಲ್) ಹೊಡೆದು ನೋಡಿದೆ. ನನಗೆ ತಿಳಿಸದೆ ಅವರು ನಡುವೆ ಒಂದು ಡಮ್ಮಿ (ಸಿಡಿಯದ, ನಕಲಿ) ತೋಟಾ ಸೇರಿಸಿದ್ದರು. ಟ್ರಿಗರ್ ಒತ್ತಿದೆ, ಸದ್ದೇ ಇಲ್ಲ, ಆದರೂ ನಳಿಗೆ ತಟ್ಟನೆ ಕೆಳಗೆ ಜಗ್ಗಿತು! ಭುಜ ಮೊದಲೇ ಹೆದರಿಬಿಟ್ಟಿತ್ತು.

ಮ್ಯಾಗ್ನಮ್ ಸುಮ್ನೆ ಯಾಕೆ ಅನ್ನಿಸುತ್ತಿದೆ. ಅದಕ್ಕಿಂತ ಕಡಿಮೆ ಒದೆಯುವ 7 ಎಂಎಂ-08 ತೋಟಾದಲ್ಲಿ 140 ಗ್ರೇನ್ (ಸುಮಾರು 9 ಗ್ರಾಂ) ತಾಮ್ರದ ಗುಂಡು ಹಾಕಿದರೆ 250 ಮೀಟರ್ ಒಳಗೆ ಎಲ್ಕ್‌ಗೆ ಸಾಕಲ್ವಾ? ಹೊಡೆದವರು ಹೇಳಿ.

ಮಝಲ್ ಬ್ರೇಕ್ (ನಳಿಗೆ ತುದಿಯಲ್ಲಿ ಅನಿಲವನ್ನು ಪಕ್ಕಕ್ಕೆ ತಿರುಗಿಸುವ ಭಾಗ) ಹಾಕಿದರೆ ಒದೆತ ತಗ್ಗುತ್ತೆ ನಿಜ, ಆದರೆ ಕಿವಿಗೆ ಬಡಿಯುವ ಸದ್ದು ವಿಪರೀತ. ಪ್ರಾಣಿ ಎದುರಿಗೆ ಬಂದಾಗ ಇಯರ್‌ಮಫ್ ಹುಡುಕೋಕೆ ಆಗುತ್ತಾ? ಸಪ್ರೆಸರ್ (ನಳಿಗೆ ತುದಿಗೆ ಹಾಕುವ ಸದ್ದು ತಗ್ಗಿಸುವ ಕೊಳವೆ) ಒದೆತ, ಸದ್ದು ಎರಡಕ್ಕೂ ಪರಿಹಾರ, ಆದರೆ ಉದ್ದ, ತೂಕ ಎರಡೂ ಏರುತ್ತೆ.

ಭುಜಕ್ಕೆ ತಾಗುವ ಕಡೆ ಮೆತ್ತನೆ ರಿಕಾಯಿಲ್ ಪ್ಯಾಡ್ ಹಾಕಿ, ಸ್ಟಾಕ್‌ನ (ಭುಜಕ್ಕೆ ಆನಿಸುವ ಹಿಂಭಾಗದ) ಉದ್ದ ನನ್ನ ಅಳತೆಗೆ ಸರಿಮಾಡಿಸಿದರೆ ಎಷ್ಟು ವ್ಯತ್ಯಾಸ ಗೊತ್ತಾಗುತ್ತೆ? ಈ ಬೆದರು ಬಿಡಿಸೋಕೆ ಒದೆತವೇ ಇಲ್ಲದಂಥ ಸಣ್ಣ .22 ರೈಫಲ್‌ನಲ್ಲಿ ಅಭ್ಯಾಸ, ಖಾಲಿ ಟ್ರಿಗರ್ ಎಳೆಯೋದು ಬಿಟ್ಟು ನಿಮಗೆ ಇನ್ನೇನು ಕೆಲಸ ಮಾಡಿದೆ?