ಎಕ್ಸ್‌ಪ್ರೆಸ್‌ವೇ ಊರ ಪಕ್ಕದಲ್ಲಿದೆ, ಹತ್ತುವ ದಾರಿ ಎಲ್ಲಿದೆ?

ಪ್ರಶ್ನೆ: ನಮಸ್ಕಾರ ಸರ್. ನಾನು ಕೆ.ಆರ್. ಪುರದ ನಿವಾಸಿ, ನಮ್ಮ ಜಮೀನು ಮಾಲೂರು ತಾಲ್ಲೂಕಿನಲ್ಲಿದೆ. ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್‌ವೇ ನಮ್ಮ ತೋಟದಿಂದ ಕಣ್ಣಿಗೆ ಕಾಣುವಷ್ಟು ಹತ್ತಿರದಲ್ಲಿ ಹಾದುಹೋಗಿದ್ದರೂ ಅದನ್ನು ಹತ್ತಬೇಕಾದರೆ ಬಹಳ ದೂರ ಸುತ್ತಿಕೊಂಡು ಹೋಗಬೇಕು. ಮೈಸೂರು ರಸ್ತೆಯಲ್ಲಿರುವಂತಹ ಸರ್ವಿಸ್ ರಸ್ತೆಯೂ ನಮ್ಮ ಭಾಗದಲ್ಲಿಲ್ಲ. ದೊಡ್ಡ ನಗರಗಳನ್ನು ಜೋಡಿಸುವ ಇಂತಹ ರಸ್ತೆಗಳಿಂದ ನಡುವಿನ ತಾಲ್ಲೂಕುಗಳಿಗೆ ಏನು ಸಿಗುತ್ತದೆ?

ಉತ್ತರ (ಹೆದ್ದಾರಿ ವಿನ್ಯಾಸ ಎಂಜಿನಿಯರ್): ನಮಸ್ಕಾರ. ಎಕ್ಸ್‌ಪ್ರೆಸ್‌ವೇ ಯಾವ ಊರುಗಳ ಮೂಲಕ ಹೋಗುತ್ತದೆ ಎಂಬುದಕ್ಕಿಂತ ಅದರ ಇಂಟರ್‌ಚೇಂಜ್‌ಗಳು, ಅಂದರೆ ಬೇರೆ ರಸ್ತೆಗಳಿಂದ ಅದನ್ನು ಹತ್ತಿ ಇಳಿಯುವ ಜಾಗಗಳು, ಎಲ್ಲಿವೆ ಎಂಬುದನ್ನು ನೋಡಬೇಕು. ಆ ರಸ್ತೆಯ ಮಟ್ಟಿಗೆ ನಕ್ಷೆಯಲ್ಲಿರುವ ಊರುಗಳು ಅವು ಮಾತ್ರ.

ಮೈಸೂರಿನ ದಶಪಥದೊಂದಿಗೆ ಇದನ್ನು ಹೋಲಿಸುವುದು ಸರಿಯಾಗದು. ಅದು ರಾಷ್ಟ್ರೀಯ ಹೆದ್ದಾರಿ 275. ಹಳೆಯ ರಸ್ತೆಯನ್ನೇ ಅಗಲಗೊಳಿಸಿ, ಬಿಡದಿ, ರಾಮನಗರ–ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣಗಳಲ್ಲಿ ಬೈಪಾಸ್ ನಿರ್ಮಿಸಿ, 2023ರ ಮಾರ್ಚ್‌ನಲ್ಲಿ ಉದ್ಘಾಟಿಸಿದ ಸುಮಾರು 119 ಕಿ.ಮೀ. ರಸ್ತೆ. ಅಲ್ಲಿ ಸರ್ವಿಸ್ ರಸ್ತೆಗಳನ್ನು ಮೊದಲೇ ಯೋಜಿಸಿದ್ದರಿಂದ, ಅದೇ ವರ್ಷ ಆಗಸ್ಟ್ 1ರಿಂದ ಮುಖ್ಯ ಪಥದಲ್ಲಿ ಬೈಕ್, ಆಟೊ, ಟ್ರ್ಯಾಕ್ಟರ್‌ಗಳನ್ನು ನಿಷೇಧಿಸಿದಾಗಲೂ ಸ್ಥಳೀಯರಿಗೆ ಒಂದು ದಾರಿ ಉಳಿಯಿತು. (ಚನ್ನಪಟ್ಟಣದ ಬೊಂಬೆ ಅಂಗಡಿಗಳಿಗೂ ಮದ್ದೂರಿನ ಹೋಟೆಲುಗಳಿಗೂ ಬೈಪಾಸ್‌ನಿಂದ ಬಿದ್ದ ಪೆಟ್ಟು ಬೇರೆಯೇ ವಿಷಯ.)

ನಿಮ್ಮ ಊರಿನ ಪಕ್ಕದ ರಸ್ತೆ ಹೊಸಕೋಟೆಯಿಂದ ಶ್ರೀಪೆರಂಬದೂರಿನವರೆಗೆ ಹೊಸ ಜಾಡಿನಲ್ಲಿ ನಿರ್ಮಾಣವಾಗುತ್ತಿರುವ, ಸುಮಾರು 260 ಕಿ.ಮೀ. ಉದ್ದದ ನಾಲ್ಕು ಪಥದ ಎಕ್ಸ್‌ಪ್ರೆಸ್‌ವೇ. ಕರ್ನಾಟಕದ ಭಾಗ 70 ಕಿ.ಮೀ. ಆಸುಪಾಸಿನದು; ಅನಂತರ ಅದು ಆಂಧ್ರದ ಚಿತ್ತೂರು ಜಿಲ್ಲೆಯನ್ನು ದಾಟಿ ತಮಿಳುನಾಡನ್ನು ಸೇರುತ್ತದೆ. ಗಂಟೆಗೆ 120 ಕಿ.ಮೀ. ವೇಗವನ್ನು ಲೆಕ್ಕಕ್ಕಿಟ್ಟು ವಿನ್ಯಾಸಗೊಳಿಸಿದ ಇಂತಹ ರಸ್ತೆಗೆ ಪಕ್ಕದ ಹಳ್ಳಿಯಿಂದ ವಾಹನವೊಂದು ಏಕಾಏಕಿ ನುಗ್ಗಿದರೆ ಅಪಘಾತ ತಪ್ಪಿದ್ದಲ್ಲ. ಆದ್ದರಿಂದಲೇ ಮಾಲೂರು, ಬಂಗಾರಪೇಟೆ, ಬೇತಮಂಗಲದಂತಹ ಆಯ್ದ ಕಡೆಗಳಲ್ಲಿ ಮಾತ್ರ ಹತ್ತಲು ಇಳಿಯಲು ಅವಕಾಶವಿದೆ.

ಮರುಪ್ರಶ್ನೆ: ಹಾಗಾದರೆ ನಮ್ಮ ಊರಿನ ಬಳಿಯೂ ಒಂದು ಇಂಟರ್‌ಚೇಂಜ್ ಬೇಕೆಂದು ಮನವಿ ಸಲ್ಲಿಸಬಹುದಲ್ಲವೇ ಸರ್?

ಉತ್ತರ: ಸಲ್ಲಿಸಬಹುದು, ಆದರೆ ಅದರ ಬೆಲೆಯನ್ನೂ ತಿಳಿದಿರಬೇಕು. ಇಂಟರ್‌ಚೇಂಜ್‌ನ ಸುತ್ತು ರ‍್ಯಾಂಪ್‌ಗಳಿಗೆ ಎಕರೆಗಟ್ಟಲೆ ಭೂಮಿ ಬೇಕು, ಅಂದರೆ ನಿಮ್ಮ ಊರಿನವರ ಜಮೀನೇ ಮತ್ತೊಮ್ಮೆ ಸ್ವಾಧೀನಕ್ಕೆ ಹೋಗುತ್ತದೆ. ಜೊತೆಗೆ ಪ್ರವೇಶ ಮತ್ತು ನಿರ್ಗಮನಗಳೆರಡರಲ್ಲೂ ಟೋಲ್ ಕಟ್ಟೆ ಕಟ್ಟಬೇಕು. ಆ ಜಾಗಕ್ಕೆ ಬಂದು ಸೇರುವ ರಸ್ತೆಯಲ್ಲಿ ಸಾಕಷ್ಟು ವಾಹನ ಸಂಚಾರವಿಲ್ಲದಿದ್ದರೆ ಪ್ರಸ್ತಾವ ಮುಂದೆ ಹೋಗುವುದು ಕಷ್ಟ.

ನನ್ನ ಅಭಿಪ್ರಾಯದಲ್ಲಿ, ಈಗಿರುವ ಇಂಟರ್‌ಚೇಂಜ್‌ವರೆಗಿನ ತಾಲ್ಲೂಕು ರಸ್ತೆಯನ್ನು ಅಗಲಗೊಳಿಸುವಂತೆ ಲೋಕೋಪಯೋಗಿ ಇಲಾಖೆಯನ್ನು ಒತ್ತಾಯಿಸುವುದೇ ಲಾಭದಾಯಕ. ಇನ್ನೊಂದು, ಅಂಡರ್‌ಪಾಸ್‌ಗಳ ಕಡೆ ಗಮನ ಕೊಡಿ. ಲಘು ವಾಹನಗಳಿಗೆಂದು ಕಟ್ಟುವ ಅಂಡರ್‌ಪಾಸ್‌ನ ಎತ್ತರ ಸಾಮಾನ್ಯವಾಗಿ 4 ಮೀಟರ್, ಲಾರಿ ಬಸ್ಸುಗಳಿಗೆ ಕಟ್ಟುವುದರದು 5.5 ಮೀಟರ್. ಹುಲ್ಲಿನ ಹೊರೆ ತುಂಬಿದ ಟ್ರ್ಯಾಕ್ಟರ್ ಮೊದಲನೆಯದರಲ್ಲಿ ಸಿಕ್ಕಿಕೊಂಡರೆ, ರಸ್ತೆಯ ಆಚೆಗಿರುವ ಸ್ವಂತ ಹೊಲವೇ ರೈತನಿಗೆ ದೂರದ ಊರಾಗಿಬಿಡುತ್ತದೆ. ಮಳೆಗಾಲದಲ್ಲಿ ಅಂಡರ್‌ಪಾಸ್ ಒಳಗೆ ಮೊಣಕಾಲುದ್ದ ನೀರು ನಿಂತು, ಟೊಮೆಟೊ ಕ್ರೇಟುಗಳನ್ನು ಹೊತ್ತ ಗೂಡ್ಸ್ ಆಟೊ ಕೋಲಾರದ ಮಾರುಕಟ್ಟೆಗೆ ಹೊತ್ತಿಗೆ ಸರಿಯಾಗಿ ತಲುಪದಿದ್ದರೆ, ಮೇಲಿನ ರಸ್ತೆ ಎಷ್ಟು ನುಣುಪಾಗಿದ್ದರೂ ಅವನಿಗೆ ಪ್ರಯೋಜನವಿಲ್ಲ. ಅಂಡರ್‌ಪಾಸ್‌ನ ನೀರು ಹಳ್ಳಕ್ಕೋ ಕೆರೆಗೋ ಹರಿದುಹೋಗುವಂತೆ ಚರಂಡಿ ಮಾಡಿಸಿಕೊಳ್ಳುವುದು ಇಂಟರ್‌ಚೇಂಜ್ ತರಿಸುವುದಕ್ಕಿಂತ ಎಷ್ಟೋ ಸುಲಭ.

ಇನ್ನೊಬ್ಬ ಸದಸ್ಯೆಯ ಪ್ರಶ್ನೆ: ನಾನು ರಾಯಚೂರಿನವಳು, ಕೆಲಸದ ನಿಮಿತ್ತ ಬೆಂಗಳೂರಿನಲ್ಲಿದ್ದೇನೆ. ಈ ಹೆದ್ದಾರಿ ಜಾಲದಲ್ಲಿ ನಮ್ಮ ಭಾಗಕ್ಕೆ ಪಾಲು ಇದೆಯೇ?

ಉತ್ತರ: ಇದೆ ಮೇಡಂ. ದೆಹಲಿ, ಮುಂಬೈ, ಚೆನ್ನೈ, ಕೋಲ್ಕತ್ತಗಳನ್ನು ಜೋಡಿಸಲು 1999ರಲ್ಲಿ ಆರಂಭವಾದ ಸುವರ್ಣ ಚತುಷ್ಪಥ ಯೋಜನೆಯ ಮುಂಬೈ–ಚೆನ್ನೈ ಭುಜವು ಬೆಳಗಾವಿ, ಹುಬ್ಬಳ್ಳಿ–ಧಾರವಾಡ, ದಾವಣಗೆರೆ, ಚಿತ್ರದುರ್ಗ, ತುಮಕೂರುಗಳ ಮೂಲಕ ಬೆಂಗಳೂರಿಗೆ ಬಂದದ್ದರಿಂದ ಕಲ್ಯಾಣ ಕರ್ನಾಟಕ ಪೂರ್ತಿ ಹೊರಗುಳಿಯಿತು. 2017ರಲ್ಲಿ ಮಂಜೂರಾದ ಭಾರತಮಾಲಾ ಯೋಜನೆಯ ಸೂರತ್–ಚೆನ್ನೈ ಮಾರ್ಗ ನಾಸಿಕ್, ಸೊಲ್ಲಾಪುರಗಳನ್ನು ದಾಟಿ ಕಲಬುರಗಿ, ಯಾದಗಿರಿ, ರಾಯಚೂರು ಜಿಲ್ಲೆಗಳ ಮೂಲಕ ಕರ್ನೂಲಿನ ಕಡೆಗೆ ಹೋಗುತ್ತದೆ; ಅದು ಬೆಂಗಳೂರನ್ನು ಮುಟ್ಟುವುದೇ ಇಲ್ಲ. ರಾಯಚೂರಿನ ಹತ್ತಿ, ಅಕ್ಕಿಗಳು ಪಶ್ಚಿಮದ ಮಾರುಕಟ್ಟೆಗೂ ಪೂರ್ವದ ಬಂದರಿಗೂ ನೇರವಾಗಿ ಹೋಗಲು ಇದು ಅನುಕೂಲ. ಎಲ್ಲವನ್ನೂ ರಾಜಧಾನಿಯ ಮೂಲಕವೇ ಸಾಗಿಸುವ ಹಳೆಯ ರೂಢಿಗಿಂತ ಇದು ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ. ಆದರೆ ಅಲ್ಲಿಯೂ ಇಂಟರ್‌ಚೇಂಜ್‌ಗಳು ಎಲ್ಲಿ ಬರುತ್ತವೆ ಎಂಬುದನ್ನು ಈಗಲೇ ವಿಚಾರಿಸಿಕೊಳ್ಳಿ.

ಮತ್ತೊಂದು ಪ್ರಶ್ನೆ: ಫಾಸ್ಟ್ಯಾಗ್ ವಾರ್ಷಿಕ ಪಾಸ್ ಎಕ್ಸ್‌ಪ್ರೆಸ್‌ವೇಗಳಲ್ಲಿ ನಡೆಯುತ್ತದೆಯೇ?

ಉತ್ತರ: ರಾಷ್ಟ್ರೀಯ ಎಕ್ಸ್‌ಪ್ರೆಸ್‌ವೇ ಆಗಿದ್ದರೆ ನಡೆಯುತ್ತದೆ. 2025ರ ಆಗಸ್ಟ್ 15ರಂದು 3,000 ರೂಪಾಯಿಗೆ ಆರಂಭವಾದ ಈ ಪಾಸ್ ಖಾಸಗಿ ಕಾರು, ಜೀಪು, ವ್ಯಾನುಗಳಿಗೆ ಮಾತ್ರ. ಒಂದು ವರ್ಷ ಅಥವಾ 200 ಪ್ರಯಾಣ, ಯಾವುದು ಮೊದಲೋ ಅಲ್ಲಿಗೆ ಮುಗಿಯುತ್ತದೆ. ಹತ್ತಿದ ಜಾಗದಿಂದ ಇಳಿದ ಜಾಗದವರೆಗೆ ದೂರಕ್ಕೆ ತಕ್ಕಂತೆ ಶುಲ್ಕ ವಿಧಿಸುವ ರಸ್ತೆಗಳಲ್ಲಿ ಪ್ರವೇಶ, ನಿರ್ಗಮನ ಎರಡೂ ಸೇರಿ ಒಂದೇ ಪ್ರಯಾಣ. ನಮ್ಮ ನೈಸ್ ರಸ್ತೆ ರಾಷ್ಟ್ರೀಯ ಹೆದ್ದಾರಿಯಲ್ಲವಾದ್ದರಿಂದ ಅಲ್ಲಿ ಈ ಪಾಸ್ ನಡೆಯದು.