ಅಪ್‌ಡೇಟ್: ಲ್ಯಾಪುನೋವ್ ಧನಾತ್ಮಕ ಬಂದಮಾತ್ರಕ್ಕೆ ಕೇಯಾಸ್ ಅಲ್ಲ

ಕೇಳಿದ್ದು ಇಷ್ಟು: ಧಾರವಾಡದಲ್ಲಿ ದಾಖಲಿಸಿದ ಐದು ನಿಮಿಷದ ಇಸಿಜಿಗಳ ಆರ್-ಆರ್ ಅಂತರದಿಂದ (ಒಂದು ಬಡಿತದಿಂದ ಮುಂದಿನದಕ್ಕೆ ಹಿಡಿಯುವ ಸಮಯ) ಲ್ಯಾಪುನೋವ್ ಘಾತಾಂಕ (ಸಣ್ಣ ವ್ಯತ್ಯಾಸ ಎಷ್ಟು ಬೇಗ ಬೆಳೆಯುತ್ತದೆ ಎಂಬ ಅಳತೆ) ಧನಾತ್ಮಕ ಬಂದಿದೆ, ಸಮ್ಮೇಳನದ ಸಾರಾಂಶದಲ್ಲಿ ‘ಕೇಯಾಸ್’ (ನಿಯಮಬದ್ಧವಾಗಿದ್ದೂ ಬಹಳ ಮುಂದಕ್ಕೆ ಊಹಿಸಲಾಗದ ನಡೆ) ಎಂದು ಬರೆಯಬಹುದೇ?

ಬರೆಯಬಾರದ್ರೀ. ಐದು ನಿಮಿಷಕ್ಕೆ ಸಿಗುವುದು 350 ಬಡಿತದ ಆಸುಪಾಸು. ಅಷ್ಟರಲ್ಲಿ ಈ ಘಾತಾಂಕ ಲೆಕ್ಕಹಾಕುವ ರೋಸೆನ್‌ಸ್ಟೈನ್ ವಿಧಾನ (1993) ಬರೀ ಗದ್ದಲಕ್ಕೂ (ಗೊತ್ತುಗುರಿಯಿಲ್ಲದ ಏರಿಳಿತಕ್ಕೂ) ಧನಾತ್ಮಕ ಸಂಖ್ಯೆಯನ್ನೇ ಕೊಡಬಲ್ಲದು. ಅದೇ ಅಂತರಗಳನ್ನು ಇಸ್ಪೀಟೆಲೆಯಂತೆ ಕಲಸಿ ಮತ್ತೆ ಲೆಕ್ಕ ಹಾಕಿದರೂ ಧನಾತ್ಮಕವೇ ಬಂತು!

ಈಗಿನ ಕ್ರಮ: ಮೊದಲು ಕೋಡ್ ಪರೀಕ್ಷೆ. ಲಾಜಿಸ್ಟಿಕ್ ಮ್ಯಾಪ್‌ನಲ್ಲಿ (ಉತ್ತರ ಮೊದಲೇ ಗೊತ್ತಿರುವ ಸರಳ ಸಮೀಕರಣ) ನಿಯತಾಂಕ 4 ಇಟ್ಟರೆ ಉತ್ತರ 0.693ರ ಹತ್ತಿರ ಬರಲೇಬೇಕು. ಆಮೇಲೆ ಪ್ರತಿ ದಾಖಲೆಗೆ 39 ಸರೊಗೇಟ್ (ಹೋಲಿಕೆಗೆಂದು ತಯಾರಿಸಿದ ನಕಲಿ) ಸರಣಿ, ರೋಹಿತವೂ (ಯಾವ ಆವರ್ತನದ ಪಾಲು ಎಷ್ಟು) ಹಂಚಿಕೆಯೂ (ಬೆಲೆಗಳ ಹರವು) ಮೂಲದಂತೆಯೇ ಇರುವಂಥವು. ಮೂಲದ ಬೆಲೆ ಆ 39ರ ವ್ಯಾಪ್ತಿಯೊಳಗೇ ಬಿದ್ದರೆ ಕೇಯಾಸ್ ಇರಲಿ, ‘ಅರೇಖೀಯ’ (ಪರಿಣಾಮ ಕಾರಣಕ್ಕೆ ನೇರ ಅನುಪಾತದಲ್ಲಿಲ್ಲದ್ದು) ಎನ್ನಲೂ ಆಧಾರವಿಲ್ಲ.

ಸರಣಿ ಎಷ್ಟು ಅನಿಯಮಿತ ಎಂದು ಅಳೆಯುವ ಸ್ಯಾಂಪಲ್ ಎಂಟ್ರೊಪಿಗೆ ಎಂ (ಹೋಲಿಸುವ ತುಣುಕಿನ ಉದ್ದ) 2, ಸಹನಮಿತಿ (ಎರಡು ಬೆಲೆ ಹೊಂದುತ್ತವೆ ಎನ್ನಲು ಇರಬಹುದಾದ ವ್ಯತ್ಯಾಸ) ಪ್ರಮಾಣ ವಿಚಲನೆಯ 0.2 ಪಟ್ಟು. ಪೆಟ್ಟು ಬಿದ್ದದ್ದು ಇಲ್ಲೇ. ಒಂದು ದಾಖಲೆಯಲ್ಲಿ 810, 800, 480, 1120, 805 ಮಿಲಿಸೆಕೆಂಡ್ ಎಂದಿತ್ತು. ನಡುವಿನದು ಎಕ್ಟೋಪಿಕ್ ಬಡಿತ, ಅಂದರೆ ಹೊತ್ತಿಗೆ ಮುಂಚೆಯೇ ಬಿದ್ದದ್ದು. ಅಂಥ ನಾಲ್ಕೈದು ಉಳಿದರೆ ವಿಚಲನೆ ಉಬ್ಬುತ್ತದೆ, ಮಿತಿ ಸಡಿಲಾಗುತ್ತದೆ, ಹೊಂದಿಕೆಗಳು ಹೆಚ್ಚಿ ಎಂಟ್ರೊಪಿ ಸುಳ್ಳೇ ಇಳಿಯುತ್ತದೆ. 480 ಮತ್ತು 1120 ಕೂಡಿದರೆ 1600, ಆದ್ದರಿಂದ ಎರಡು 800 ಕೂರಿಸಿದ್ದಾಯಿತು. ತಿದ್ದುಪಡಿ 5% ದಾಟಿದ ದಾಖಲೆಗಳನ್ನು ಕೈಬಿಟ್ಟದ್ದೇ ಲೇಸು.

ಇನ್ನು ಸಮ್ಮೇಳನದ ಪೋಸ್ಟರ್: ಎ0 ಅಳತೆ, ಅಂದರೆ 84.1×118.9 ಸೆಂ.ಮೀ. ಹುಬ್ಬಳ್ಳಿಯ ಅಂಗಡಿಯಲ್ಲಿ ‘3×4 ಫೂಟು’ ಅಂದರೆ ಫಲಕಕ್ಕಿಂತ ಅಗಲವಾಗುತ್ತದೆ, ಸೆಂಟಿಮೀಟರಿನಲ್ಲೇ ಬರೆದುಕೊಡಿ.